ಮೆಟಾ ಟ್ಯಾಗು, ಪೌಂಡು ಚಿಹ್ನೆ ಮತ್ತು ಸಿಗದೇ ಹೋದ ಕನ್ನಡ



"ಮೆಟಾ ಟ್ಯಾಗ್ ಹಾಕಿದರೆ ಗೂಗಲ್‌ನಲ್ಲಿ ನಮ್ಮ ಬರಹ ಮೇಲೆ ಬರುತ್ತಂತೆ, ಹೌದಾ?" ನಾನು ಸಾಫ್ಟ್‌ವೇರ್ ಕೆಲಸದವನು ಅಂತ ಗೊತ್ತಾದ ಕೂಡಲೇ ಬರೆಯುವ ಗೆಳೆಯರು ಕೇಳುವ ಪ್ರಶ್ನೆ ಇದು. ಒಂದು ಸಾಲಿನ ಉತ್ತರ ಸುಲಭ. ಕೀವರ್ಡ್ಸ್ ಅನ್ನುವ ಮೆಟಾ ಟ್ಯಾಗ್‌ನಿಂದ ಗೂಗಲ್‌ನಲ್ಲಿ ಎಳ್ಳಷ್ಟೂ ಪ್ರಯೋಜನ ಇಲ್ಲ. ಇದನ್ನು ಗೂಗಲ್‌ನವರೇ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದಾರೆ.

ಆದರೆ ಕನ್ನಡದ ಮಟ್ಟಿಗೆ ಈ ಕಥೆ ಅಷ್ಟಕ್ಕೇ ಮುಗಿಯೋದಿಲ್ಲ. ಇಂಗ್ಲಿಷ್ ಜಗತ್ತಿನಲ್ಲಿ ಮೆಟಾ ಟ್ಯಾಗು ಸುಳ್ಳು ಹೇಳುವವರ ಕೈಗೆ ಸಿಕ್ಕಿ ಕೆಟ್ಟಿತು. ಅದೇ ಹೊತ್ತಿನಲ್ಲಿ ಕನ್ನಡದ ಪುಟಗಳಿಗೆ "ನಾನು ಕನ್ನಡದ ಪುಟ, ನನ್ನೊಳಗೆ ಇಂಥದ್ದಿದೆ" ಅಂತ ಯಂತ್ರದ ಮುಂದೆ ನಿಜ ಹೇಳಿಕೊಳ್ಳಲು ಇದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಸುಳ್ಳರ ಕಾಟಕ್ಕೆ ಆ ಬಾಗಿಲು ಮುಚ್ಚಿದಾಗ ನಮ್ಮ ಪಾಲಿಗೆ ಏನಾಯಿತು ಅಂತ ಯಾರೂ ಹೆಚ್ಚು ಬರೆದಂತಿಲ್ಲ. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ :)

ಮೂಟೆಗೆ ಕಟ್ಟಿದ ಚೀಟಿ

ಮೊದಲು ಮೆಟಾ ಟ್ಯಾಗ್ ಅಂದರೇನು ಅಂತ ನೋಡೋಣ. ವೆಬ್ ಪುಟದ ಕೋಡ್‌ನಲ್ಲಿ ತಲೆ ಮತ್ತು ಮೈ ಅಂತ ಎರಡು ಭಾಗ ಇರುತ್ತೆ. ನಾವು ಓದೋದು ಮೈ. ತಲೆಯ ಭಾಗದಲ್ಲಿ ಬ್ರೌಸರ್‌ಗೂ ಹುಡುಕು ಯಂತ್ರಕ್ಕೂ ಬೇಕಾದ ವಿವರಗಳು ಇರುತ್ತವೆ, ಅವು ಓದುಗರ ಕಣ್ಣಿಗೆ ಬೀಳೋದಿಲ್ಲ. ಅಲ್ಲಿ ಪುಟವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತುಗಳೇ ಮೆಟಾ ಟ್ಯಾಗ್‌ಗಳು. ಈ ಪುಟದ ಸಾರಾಂಶ ಏನು (ಡಿಸ್ಕ್ರಿಪ್ಷನ್), ಮುಖ್ಯ ಪದಗಳು ಯಾವುವು (ಕೀವರ್ಡ್ಸ್), ಅಕ್ಷರಗಳನ್ನು ಯಾವ ಲೆಕ್ಕದಲ್ಲಿ ಓದಬೇಕು (ಕ್ಯಾರೆಕ್ಟರ್ ಸೆಟ್), ಹುಡುಕು ಯಂತ್ರ ಒಳಗೆ ಬರಬಹುದೇ ಬೇಡವೇ (ರೋಬೋಟ್ಸ್), ಹೀಗೆ.

ನಮ್ಮ ಯಶವಂತಪುರದ ಎಪಿಎಂಸಿ ಯಾರ್ಡ್ ನೆನಪಿಸಿಕೊಳ್ಳಿ. ಮೂಟೆಯ ಬಾಯಿಗೆ ಒಂದು ಚೀಟಿ ಕಟ್ಟಿರುತ್ತೆ ಅನ್ನಿ. ಒಳಗೆ ಏನಿದೆ ಅಂತ ಚೀಟಿ ಹೇಳುತ್ತೆ. ಮೆಟಾ ಟ್ಯಾಗ್ ಅಂದರೆ ಆ ಚೀಟಿ. ಆದರೆ ಅನುಭವಸ್ಥ ವ್ಯಾಪಾರಿ ಬರೀ ಚೀಟಿ ನಂಬಿ ದುಡ್ಡು ಕೊಡ್ತಾನಾ? ಮೂಟೆಗೆ ಕೈ ಹಾಕಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿಟ್ಟು ನೋಡ್ತಾನೆ. ಹುಡುಕು ಯಂತ್ರಗಳ ಇತಿಹಾಸವೂ ಹೀಗೇ. ಮೊದಲು ಚೀಟಿಯನ್ನೂ ನಂಬಿದವು, ಆಮೇಲೆ ಕಾಳು ಮಾತ್ರ ನೋಡೋಕೆ ಶುರು ಮಾಡಿದವು.

ಚೀಟಿ ನಂಬಿದ ಕಾಲ

ಮೆಟಾ ಟ್ಯಾಗ್ 1995ರ ನವೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 2.0 ನಿಯಮಗಳಲ್ಲೇ ಇದೆ. ಮರು ತಿಂಗಳು, ಡಿಸೆಂಬರ್‌ನಲ್ಲಿ, ಆಲ್ಟಾವಿಸ್ಟಾ ಹುಡುಕು ಯಂತ್ರ ಸಾರ್ವಜನಿಕರಿಗೆ ತೆರೆದುಕೊಂಡಿತು. 1996ರ ಹೊತ್ತಿಗೆ ಆಲ್ಟಾವಿಸ್ಟಾ ಮತ್ತು ಇನ್ಫೋಸೀಕ್ ಎರಡೂ ಕೀವರ್ಡ್ಸ್ ಟ್ಯಾಗನ್ನು ಓದಲು ಶುರು ಮಾಡಿದವು. ಆಗಿನ ಯಂತ್ರಗಳಿಗೆ ಪುಟದ ಅರ್ಥ ತಿಳಿಯುವ ಬುದ್ಧಿ ಕಡಿಮೆ. ಬರೆದವರೇ "ಇದು ಇಂಥ ವಿಷಯ" ಅಂತ ಹೇಳಿದರೆ ಕೆಲಸ ಸಲೀಸು ಅನ್ನೋದು ಲೆಕ್ಕಾಚಾರ. ಲೈಬ್ರರಿಯ ಕಾರ್ಡ್ ಇದ್ದ ಹಾಗೆ, ಆದರೆ ಕಾರ್ಡ್ ಬರೆಯೋದು ಲೈಬ್ರರಿಯನ್ ಅಲ್ಲ, ಪುಸ್ತಕ ಬರೆದವರೇ!

ಆಗಬೇಕಾದ್ದೇ ಆಯಿತು. ಒಂದೇ ಪದವನ್ನು ನೂರು ಸಲ ತುಂಬುವವರು, ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಹೆಸರುಗಳನ್ನು ಬರೆಯುವವರು, ಎದುರಾಳಿ ಕಂಪನಿಯ ಹೆಸರನ್ನೇ ತಮ್ಮ ಕೀವರ್ಡ್ಸ್‌ನಲ್ಲಿ ಬಚ್ಚಿಡುವವರು ಹುಟ್ಟಿಕೊಂಡರು. ಇದು ಕೋರ್ಟು ಕಟ್ಟೆಗೂ ಹೋಯಿತು. ನಮ್ಮ ದೇಶದಲ್ಲೇ 2014ರಲ್ಲಿ ಶಾದಿ ಡಾಟ್ ಕಾಮ್ ನಡೆಸುವ ಕಂಪನಿ, ತನ್ನ ಹೆಸರನ್ನು ಮೆಟಾ ಟ್ಯಾಗ್‌ನಲ್ಲಿ ಬಳಸಿಕೊಂಡ ಇನ್ನೊಂದು ಮದುವೆ ತಾಣದ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ತನ್ನ ಪರವಾಗಿ ಆದೇಶ ಪಡೆಯಿತು. ತಮಾಷೆ ನೋಡಿ, ಗೂಗಲ್ ಕೀವರ್ಡ್ಸ್ ಟ್ಯಾಗ್ ನೋಡುವುದಿಲ್ಲ ಅಂತ ಹೇಳಿ ಆಗಲೇ ಐದು ವರ್ಷ ಆಗಿತ್ತು.

1998ರಲ್ಲಿ ಬಂದ ಗೂಗಲ್ ಬೇರೆ ದಾರಿ ಹಿಡಿಯಿತು. ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತೆ ಅನ್ನೋದಕ್ಕಿಂತ ಪುಟದ ಒಳಗೆ ನಿಜವಾಗಿ ಏನಿದೆ, ಬೇರೆ ಪುಟಗಳು ಅದಕ್ಕೆ ಎಷ್ಟು ಕೊಂಡಿ ಕೊಟ್ಟಿವೆ ಅನ್ನೋದನ್ನು ತೂಗಿತು. 2002ರ ಜುಲೈನಲ್ಲಿ ಆಲ್ಟಾವಿಸ್ಟಾ ಕೂಡ ಕೀವರ್ಡ್ಸ್ ಟ್ಯಾಗನ್ನು ಕೈಬಿಟ್ಟಿತು. ಇಂಗ್ಲಿಷ್‌ನವರಿಗೆ ಇದು ಒಳ್ಳೆಯದೇ ಆಯಿತು. ಚೀಟಿ ಹರಿದು ಬಿಸಾಕಿ ಕಾಳು ನೋಡಿ ಬೆಲೆ ಕಟ್ಟಿದರೆ ಪ್ರಾಮಾಣಿಕರಿಗೆ ಲಾಭ ತಾನೇ?

ಹೌದು, ಮೂಟೆಗೆ ಕೈ ಹಾಕಲು ಆಗುವ ಹಾಗಿದ್ದರೆ.

ಕೈ ಹಾಕಲಾಗದ ಮೂಟೆ

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ವಿಶ್ವಕನ್ನಡವನ್ನು ಡಾ. ಯು.ಬಿ. ಪವನಜ ಅವರು ಶುರು ಮಾಡಿದ್ದು 1996ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ! ಅಂದರೆ ಕನ್ನಡದ ವೆಬ್‌ಗೂ ಮೆಟಾ ಕೀವರ್ಡ್ಸ್‌ಗೂ ಒಂದೇ ವಯಸ್ಸು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಮುದ್ರಣದವರ ಬಳಿ ಶ್ರೀಲಿಪಿ, ಆಕೃತಿ ಇದ್ದವು. ಇವರೆಲ್ಲರ ಶ್ರಮದಿಂದ ಕಂಪ್ಯೂಟರ್ ಪರದೆಯ ಮೇಲೆ ಚಂದದ ಕನ್ನಡ ಮೂಡಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಜಾಗ ಇತ್ತು ನಿಜ, ಆದರೆ ಜನರ ಮನೆಯ ಕಂಪ್ಯೂಟರ್‌ಗೆ ಅದನ್ನು ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಆಗಿನವರ ಮುಂದೆ ಇದ್ದ ದಾರಿ ಒಂದೇ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್.

ಇದು ಹೇಗಿತ್ತು ಅಂತ ಒಂದು ಪದ ಬಿಡಿಸಿ ನೋಡೋಣ. ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಕಂಪ್ಯೂಟರ್ ಒಳಗೆ ಉಳಿಯೋದು ಏಳು ಚಿಹ್ನೆ. ಮೊದಲು ಇಂಗ್ಲಿಷ್‌ನ ದೊಡ್ಡ ಪಿ, ಅದು ತಲೆಕಟ್ಟಿಲ್ಲದ ಕ. ಆಮೇಲೆ ನೆತ್ತಿಯ ಮೇಲೆ ಗೀಟು ಇರುವ ದೊಡ್ಡ ಎ, ಅದು ತಲೆಕಟ್ಟು. ಆಮೇಲೆ ಬ್ರಿಟಿಷರ ಪೌಂಡು ಚಿಹ್ನೆ, ಅದು ನ. ಮತ್ತೆ ಗೀಟಿನ ಎ. ಆಮೇಲೆ ಜರ್ಮನ್ ಭಾಷೆಯ ಜೋಡಿ ಎಸ್, ಅದು ನ ಒತ್ತು. ಆಮೇಲೆ ಸಣ್ಣ ಕ್ಯೂ, ಅದು ಡ. ಕೊನೆಗೆ ಇನ್ನೊಂದು ಗೀಟಿನ ಎ. ಫಾಂಟ್ ಇದ್ದರೆ ನಮಗೆ ಕಾಣೋದು ಕನ್ನಡ. ಫಾಂಟ್ ತೆಗೆದರೆ ಪಿ, ಪೌಂಡು, ಕ್ಯೂ!

ಈ ಕಾಲದ ಹುಡುಗರಿಗೂ ಇದು ಗೊತ್ತಿರುವ ವಿಷಯವೇ. ಹೋದ ವರ್ಷ ಅಕ್ಕನ ಸೀಮಂತದ ಕರೆಯೋಲೆಯನ್ನು ಸಹಕಾರನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆವು. ಆ ಫೈಲಿನಿಂದ ಮಾತುಗಳನ್ನು ಕಾಪಿ ಮಾಡಿ ವಾಟ್ಸ್ಆಪ್‌ಗೆ ಹಾಕಿದರೆ ಪೂರ್ತಿ ಪೌಂಡು ಚಿಹ್ನೆಗಳ ಮಳೆ. ಅಮ್ಮ ನೋಡಿ "ಇದೇನೋ ಲೆಕ್ಕಪತ್ರ?" ಅಂದರು. ಅಂಗಡಿಯವರದ್ದು ತಪ್ಪೇನಿಲ್ಲ, ಅಚ್ಚಿಗೆ ಆ ಫಾಂಟ್ ಸಾಕು. ಆದರೆ ಹುಡುಕು ಯಂತ್ರದ ಪಾಡು ಅಮ್ಮನ ಪಾಡೇ. ಅದಕ್ಕೆ ಫಾಂಟ್ ಕಾಣೋದಿಲ್ಲ, ಚಿಹ್ನೆಗಳ ಸಾಲು ಮಾತ್ರ ಕಾಣುತ್ತೆ.

ಇನ್ನೂ ಎರಡು ತೊಡಕು ಇದ್ದವು. ಒಂದು, ಶ್ರೀಲಿಪಿಯ ಲೆಕ್ಕ ಬೇರೆ, ಆಕೃತಿಯ ಲೆಕ್ಕ ಬೇರೆ, ನುಡಿಯ ಲೆಕ್ಕ ಬೇರೆ. ಒಂದೇ ಪದಕ್ಕೆ ಒಂದೊಂದು ತಾಣದಲ್ಲಿ ಒಂದೊಂದು ವೇಷ. ಎರಡು, ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಇರದೆ ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತಿದ್ದವು. 'ಕರ್ನಾಟಕ' ಅನ್ನುವಾಗ ಬಾಯಲ್ಲಿ ಮೊದಲು ಬರೋದು ರ್, ಆದರೆ ಫೈಲಿನಲ್ಲಿ ಅರ್ಕಾವತ್ತು ನಾ ಆದ ಮೇಲೆ ಬರುತ್ತೆ. ಹುಡುಕೋದು ಹಾಗಿರಲಿ, ಅಕಾರಾದಿಯಾಗಿ ಜೋಡಿಸಲೂ ಆಗದು.

ಕನ್ನಡದ ಮೂಟೆ, ಇಂಗ್ಲಿಷ್ ಚೀಟಿ

ಆಗಿನ ಪುಟಗಳ ತಲೆಯಲ್ಲಿ ಕ್ಯಾರೆಕ್ಟರ್ ಸೆಟ್ ಹೇಳುವ ಮೆಟಾ ಟ್ಯಾಗ್ ಇರುತ್ತಿತ್ತಲ್ಲ, ಭಾರತೀಯ ಭಾಷೆಗಳ ಎಷ್ಟೋ ತಾಣಗಳು ಅಲ್ಲಿ 'ಎಕ್ಸ್ ಯೂಸರ್ ಡಿಫೈನ್ಡ್' ಅಂತ ಬರೆಯುತ್ತಿದ್ದವು. ಅಂದರೆ "ಅಪ್ಪಾ ಬ್ರೌಸರ್, ಈ ಅಕ್ಷರಗಳ ಅರ್ಥ ಹುಡುಕೋಕೆ ಹೋಗಬೇಡ, ಬಳಕೆದಾರರು ಕೊಟ್ಟ ಫಾಂಟಿನಲ್ಲಿ ಹಾಗೇ ತೋರಿಸಿಬಿಡು" ಅಂತ. ಒಂದು ಭಾಷೆಯ ಪುಟ ತನ್ನ ಹಣೆಯ ಮೇಲೆ "ನನಗೆ ಅರ್ಥ ಇಲ್ಲ" ಅಂತ ಬರೆದುಕೊಂಡ ಹಾಗೆ. ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು ಕಣ್ರೀ.

ಓದುಗರಿಗಾದರೂ ಕನ್ನಡ ಕಾಣಲಿ ಅಂತ "ಅಕ್ಷರ ಸರಿಯಾಗಿ ಕಾಣದಿದ್ದರೆ ಈ ಫಾಂಟ್ ಇಳಿಸಿಕೊಳ್ಳಿ" ಎಂಬ ಸೂಚನೆ ಇರುತ್ತಿತ್ತು. 1997ರಲ್ಲಿ ನೆಟ್‌ಸ್ಕೇಪ್ 4 ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಬಂದ ಮೇಲೆ ಪುಟದ ಜೊತೆಗೇ ಫಾಂಟ್ ತಾನಾಗಿ ಇಳಿಯುವ ವ್ಯವಸ್ಥೆಯೂ ಬಂತು, ಅದೂ ಎರಡು ಬ್ರೌಸರ್‌ಗೆ ಎರಡು ಥರ. ಆದರೆ ಇವೆಲ್ಲ ಮನುಷ್ಯರ ಕಣ್ಣಿಗೆ. ಯಂತ್ರಕ್ಕೆ ಏನೂ ಇಲ್ಲ.

ಯಂತ್ರಕ್ಕೆ ಉಳಿದಿದ್ದು ಚೀಟಿ ಮಾತ್ರ. ಪುಟದ ಶೀರ್ಷಿಕೆ, ಮೆಟಾ ಡಿಸ್ಕ್ರಿಪ್ಷನ್, ಮೆಟಾ ಕೀವರ್ಡ್ಸ್. ಇವುಗಳಲ್ಲಿ ಕನ್ನಡ ಫಾಂಟ್ ನಡೆಯುತ್ತಿರಲಿಲ್ಲ. ಶೀರ್ಷಿಕೆ ಕಾಣೋದು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ, ಅಲ್ಲಿ ವಿಂಡೋಸ್‌ನ ಫಾಂಟ್ ಬಿಟ್ಟರೆ ಬೇರೆ ಹಾಕಲು ಬರೋದಿಲ್ಲ. ಹಾಗಾಗಿ ಮೂರೂ ಇಂಗ್ಲಿಷ್ ಲಿಪಿಯಲ್ಲೇ. ಒಳಗೆ ಕನ್ನಡ ಕಥೆ, ಹೊರಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕರ್ನಾಟಕ, ಬೆಂಗಳೂರು, ಕವಿತೆ, ಸುದ್ದಿ.

ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯೋದು ಅಂದರೆ ಸ್ಪೆಲ್ಲಿಂಗ್‌ನ ತಲೆನೋವು. ಕವಿತೆಗೆ ಬರೀ ಟಿ ಸಾಕೋ, ಟಿ ಜೊತೆ ಎಚ್ ಬೇಕೋ? ನಮ್ಮ ಬಡಾವಣೆಯನ್ನೇ ತಗೊಳ್ಳಿ. ಸಹಕಾರನಗರ ಅಂತ ಒಬ್ಬರು, ಸಹಕಾರ್ ನಗರ್ ಅಂತ ಒಬ್ಬರು, ಸೇರಿಸಿ ಒಬ್ಬರು, ಬಿಡಿಸಿ ಒಬ್ಬರು. ಕೊಡಿಗೇಹಳ್ಳಿ ಕಡೆಯಿಂದ ಒಂದು ಸುತ್ತು ಬಂದರೆ ಅಂಗಡಿ ಬೋರ್ಡುಗಳಲ್ಲೇ ಮೂರ್ನಾಲ್ಕು ಸ್ಪೆಲ್ಲಿಂಗ್ ಸಿಗುತ್ತೆ. ಹುಡುಕುವವರು ಯಾವುದನ್ನು ಒತ್ತುತ್ತಾರೋ ಗೊತ್ತಿಲ್ಲ. ಇಂಥ ಎಲ್ಲ ಸ್ಪೆಲ್ಲಿಂಗನ್ನೂ ಓದುಗರಿಗೆ ಕಿರಿಕಿರಿ ಆಗದಂತೆ ಇಡಲು ಹೇಳಿ ಮಾಡಿಸಿದ ಜಾಗ ಕೀವರ್ಡ್ಸ್ ಟ್ಯಾಗ್. ಇಂಗ್ಲಿಷ್ ತಾಣಗಳು ಇದೇ ಜಾಗದಲ್ಲಿ ಸುಳ್ಳು ತುಂಬಿದರೆ, ಒಳಗಿನ ಮಾತು ಯಂತ್ರಕ್ಕೆ ಕೇಳಿಸದ ಭಾಷೆಗೆ ಇದು ನಿಜಕ್ಕೂ ಬೇಕಿತ್ತು.

ಈಗ ಆ 2002ನೇ ಇಸವಿಯನ್ನು ಮತ್ತೊಮ್ಮೆ ನೋಡಿ. "ಚೀಟಿ ಬೇಡ, ಕಾಳು ನೋಡ್ತೀವಿ" ಅಂತ ಯಂತ್ರಗಳು ಹೇಳಿದವು. ಕನ್ನಡದ ಮೂಟೆಗೆ ಕೈ ಹಾಕಿದರೆ ಸಿಕ್ಕಿದ್ದು ಪೌಂಡು ಚಿಹ್ನೆ. ಶೀರ್ಷಿಕೆ ಮತ್ತು ಕೊಂಡಿಗಳ ಬಲದಿಂದ ತಾಣದ ಹೆಸರು ಸಿಗುತ್ತಿತ್ತು, ಸರಿ. ಆದರೆ ಒಳಗಿನ ಒಂದು ಕಥೆ, ಒಂದು ಅಡುಗೆ, ಒಂದು ಊರಿನ ಹೆಸರು ಕನ್ನಡದಲ್ಲಿ ಹುಡುಕಿದರೆ ಸಿಗುವ ಮಾತೇ ಇಲ್ಲ.

ಕೀವರ್ಡ್ಸ್ ಹೋದರೇನು, ಇನ್ನೊಂದು ಮೆಟಾ ಬಂತು

ಕನ್ನಡವನ್ನು ಉಳಿಸಿದ್ದೂ ಒಂದು ಮೆಟಾ ಟ್ಯಾಗೇ ಅನ್ನೋದು ಈ ಕಥೆಯಲ್ಲಿ ನನಗೆ ಇಷ್ಟವಾದ ಭಾಗ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ಬೆಂಬಲವೂ ತುಂಗಾ ಫಾಂಟೂ ಇದ್ದವು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಟಿಕ್ ಹಾಕಿ, ಸಿಡಿ ಹಾಕಿ, ಕಂಪ್ಯೂಟರ್ ಮರುಚಾಲೂ ಮಾಡಬೇಕಿತ್ತು. ಹಳೇ ಬ್ಲಾಗಿಗರನ್ನು ಕೇಳಿ ನೋಡಿ, ಸಿಡಿ ಹುಡುಕಾಟದ ಕಥೆ ಹೇಳ್ತಾರೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2005ರಲ್ಲಿ ಹರಿ ಪ್ರಸಾದ್ ನಾಡಿಗರ ಸಂಪದ ಬಂತು. ಉಚಿತ ತಾಣಗಳಲ್ಲಿ ನಮ್ಮ ಬ್ಲಾಗಿಗರ ಹಿರಿಯ ತಲೆಮಾರು ಯೂನಿಕೋಡ್‌ನಲ್ಲಿ ಬರೆಯಲು ಕೂತಿತು.

ಈ ಪುಟಗಳ ತಲೆಯಲ್ಲಿ 'ಯೂಸರ್ ಡಿಫೈನ್ಡ್' ಹೋಗಿ 'ಯುಟಿಎಫ್ 8' ಬಂತು. ಒಂದು ಸಾಲಿನ ಬದಲಾವಣೆ. ಅದರ ಬೆಲೆ ಎಷ್ಟು ಗೊತ್ತಾ? ಯುಟಿಎಫ್ 8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. 'ಕನ್ನಡ' ಅಂದರೆ ಕ, ನ, ವಿರಾಮ, ನ, ಡ ಐದು ಸಂಕೇತ, ಒಟ್ಟು 15 ಬೈಟ್. ಪುಟವಾಗಲಿ ಸರ್ವರ್ ಆಗಲಿ ಇದು ಯುಟಿಎಫ್ 8 ಅಂತ ಹೇಳದೇ ಹೋದರೆ ಬ್ರೌಸರ್ ಆ 15 ಬೈಟನ್ನು 15 ಇಂಗ್ಲಿಷ್ ಜಾತಿಯ ಚಿಹ್ನೆ ಅಂದುಕೊಂಡು, ಗೀಟಿನ ಎ, ಮೇಲೆ ಕೂತ 2, ಮೇಲೆ ಕೂತ 3 ಅಂತ ಚೆಲ್ಲಾಪಿಲ್ಲಿ ತೋರಿಸಬಹುದು. ಹೇಳಿದರೆ ಕನ್ನಡ. ಅದಕ್ಕೇ ಈಗಿನ ಎಚ್‌ಟಿಎಂಎಲ್ ನಿಯಮದಲ್ಲಿ ಈ ಸಾಲು ಪುಟದ ಮೊದಲ 1024 ಬೈಟ್ ಒಳಗೇ ಇರಬೇಕು ಅಂತ ಇದೆ. ಅಂತೂ ಮೂಟೆಯ ಬಾಯಿ ಬಿಚ್ಚಿತು. ಯಂತ್ರ ಕೈ ಹಾಕಿದರೆ ಮೊದಲ ಸಲ ಕಾಳು ಸಿಕ್ಕಿತು. ಕನ್ನಡದಲ್ಲಿ ಹುಡುಕಿದರೆ ಕನ್ನಡ ಸಿಗತೊಡಗಿತು.

ಹಾಗಾದರೆ ಈಗ ಏನು ಹಾಕಬೇಕು?

ಪ್ರಶ್ನೆ ಕೇಳಿದ ಗೆಳೆಯರಿಗೆ ಈಗ ಪೂರ್ತಿ ಉತ್ತರ ಕೊಡಬಹುದು.

ಕೀವರ್ಡ್ಸ್ ಟ್ಯಾಗ್ ಮರೆತುಬಿಡಿ. ಡಿಸ್ಕ್ರಿಪ್ಷನ್ ಮರೆಯಬೇಡಿ. ಅದರಿಂದ ನೀವು ಮೇಲೆ ಹೋಗೋದಿಲ್ಲ, ಆದರೆ ಹುಡುಕಿದಾಗ ಶೀರ್ಷಿಕೆಯ ಕೆಳಗೆ ಬರುವ ಎರಡು ಸಾಲಿಗೆ ಗೂಗಲ್ ಅದನ್ನು ಬಳಸಬಹುದು. ಓದುಗರು ಕ್ಲಿಕ್ ಮಾಡೋದು ಆ ಸಾಲು ನೋಡಿ. ಬ್ಲಾಗರ್‌ನಲ್ಲಿ 2012ರಿಂದ ಪ್ರತಿ ಪೋಸ್ಟಿಗೂ ಹುಡುಕಾಟದ ವಿವರಣೆ ಬರೆಯುವ ಜಾಗ ಇದೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆನ್ ಮಾಡಬೇಕು ಅಷ್ಟೇ. ಅಲ್ಲಿ ಕನ್ನಡದಲ್ಲೇ ಬರೆಯಿರಿ.

ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸ ಬರೀ 'ಬ್ಲಾಗ್ ಪೋಸ್ಟ್' ಅಂತಲೋ, ಅದರ ಮುಂದೆ ಒಂದು ಅಂಕಿ ಅಂತಲೋ ಆಗುತ್ತೆ, ಗಮನಿಸಿದ್ದೀರಾ? ವಿಳಾಸದಲ್ಲಿ ಕನ್ನಡವನ್ನೇ ಇಟ್ಟರೆ ಒಂದೊಂದು ಸಂಕೇತಕ್ಕೆ ಒಂಬತ್ತು ಚಿಹ್ನೆಯಂತೆ 'ಕನ್ನಡ' ಅನ್ನೋ ಒಂದು ಪದ 45 ಚಿಹ್ನೆಯ ಬಾಲ ಆಗುತ್ತೆ. ಹಾಗಾಗಿ ವಿಳಾಸವನ್ನು ನೀವೇ ಚಿಕ್ಕದಾಗಿ ಇಂಗ್ಲಿಷ್ ಲಿಪಿಯಲ್ಲಿ ಕೊಡೋದು ವಾಸಿ.

ಇನ್ನೊಂದು ಮಾತು ಭಾಷೆಯ ಬಗ್ಗೆ. ಸಹಕಾರನಗರ, ಸಹಕಾರನಗರದಲ್ಲಿ, ಸಹಕಾರನಗರಕ್ಕೆ, ಸಹಕಾರ ನಗರ. ನಮಗೆ ಇವೆಲ್ಲ ಒಂದೇ ಊರು. ಅಕ್ಷರ ಹೋಲಿಸುವ ಯಂತ್ರಕ್ಕೆ ನಾಲ್ಕು ಬೇರೆ ಸರಗಳು. 'ಸಾಫ್ಟ್‌ವೇರ್' ಪದದ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ ಇರುತ್ತೆ, ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಹುಡುಕು ಯಂತ್ರಗಳು ಈಗ ಇದನ್ನೆಲ್ಲ ಸಾಕಷ್ಟು ಸಂಭಾಳಿಸುತ್ತವೆ, ಆದರೂ ಶೀರ್ಷಿಕೆಯಲ್ಲಿ ಮತ್ತು ವಿವರಣೆಯಲ್ಲಿ ಮುಖ್ಯ ಪದವನ್ನು ವಿಭಕ್ತಿ ಇಲ್ಲದೆ ಒಮ್ಮೆ ಬರೆದರೆ ನಷ್ಟವಿಲ್ಲ. ಕೀವರ್ಡ್ಸ್ ಟ್ಯಾಗಿನಲ್ಲಿ ಆಗ ನಿಜ ಹೇಳುತ್ತಿದ್ದ ಕೆಲಸವನ್ನು ಈಗ ಒಂದು ಒಳ್ಳೆಯ ಕನ್ನಡ ವಾಕ್ಯ ಮಾಡುತ್ತೆ.

ಇನ್ನೂ ಕಟ್ಟಿಟ್ಟ ಮೂಟೆಗಳು

ಹೊಸ ಪುಟಗಳ ಚಿಂತೆ ನನಗೆ ಅಷ್ಟಿಲ್ಲ. ಹಳೆಯವುಗಳದ್ದು ಇದೆ. 1996ರಿಂದ ಸುಮಾರು ಹತ್ತು ವರ್ಷ ಜನ ಅಮೆರಿಕದಲ್ಲಿ ಕೂತು, ಬೆಂಗಳೂರಲ್ಲಿ ಕೂತು, ಸೈಬರ್ ಕೆಫೆಗೆ ಗಂಟೆಗಿಷ್ಟು ಅಂತ ಕೊಟ್ಟು ಹಳೇ ಫಾಂಟ್‌ಗಳಲ್ಲಿ ಬರೆದರು. ಅದರಲ್ಲಿ ಕೆಲವು ತಾಣಗಳು ಅಳಿದವು, ಕೆಲವು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿದಿವೆ. ಉಳಿದರೂ ವಿಳಾಸ ಗೊತ್ತಿದ್ದವರಿಗೆ ಮಾತ್ರ, ಫಾಂಟ್ ಇದ್ದವರಿಗೆ ಮಾತ್ರ. ಕನ್ನಡದಲ್ಲಿ ಹುಡುಕಿದರೆ ಬರೋದಿಲ್ಲ. ಆ ಹತ್ತು ವರ್ಷ ಕನ್ನಡಿಗರು ವೆಬ್‌ನಲ್ಲಿ ಏನೂ ಬರೆದೇ ಇಲ್ಲವೇನೋ ಅಂತ ನನ್ನ ವಯಸ್ಸಿನವರು ಅಂದುಕೊಂಡರೆ ಆಶ್ಚರ್ಯವಿಲ್ಲ. ಹುಡುಕಿದರೆ ಸಿಗದ್ದು ಇಲ್ಲವೇ ಇಲ್ಲ ಅಂತ ನಂಬಿ ಬೆಳೆದ ತಲೆಮಾರು ನಮ್ಮದು.

ಇದು ಬರೀ ಹಳೇ ಕಥೆಯೂ ಅಲ್ಲ. ನುಡಿಯ ಹಳೇ ಫಾಂಟಿನಲ್ಲಿ ಮಾಡಿದ ಎಷ್ಟೋ ಸರ್ಕಾರಿ ಪಿಡಿಎಫ್‌ಗಳು ಇಂದಿಗೂ ಜಾಲದಲ್ಲಿವೆ. ಪರೀಕ್ಷೆ ಬೇಕಿದ್ದರೆ ಹೀಗೆ ಮಾಡಿ. ಅಂಥ ಒಂದು ಫೈಲಿನಿಂದ 'ಕರ್ನಾಟಕ' ಪದವನ್ನು ಕಾಪಿ ಮಾಡಿ ಹುಡುಕು ಪೆಟ್ಟಿಗೆಗೆ ಅಂಟಿಸಿ. ಪೌಂಡು ಚಿಹ್ನೆ ಇರುವ ಆ ಸರವನ್ನು ಕೊಟ್ಟರೆ ಅದೇ ವೇಷದ ಬೇರೆ ಕಡತಗಳು ಸಿಗುತ್ತವೆ. ಅವು ಅಲ್ಲೇ ಇವೆ, ಕನ್ನಡ ಅಂತ ಕರೆದರೆ ಓಗೊಡುತ್ತಿಲ್ಲ ಅಷ್ಟೇ. ಒಬ್ಬ ರೈತನಿಗೆ ತನ್ನ ಊರಿಗೆ ಸಂಬಂಧಪಟ್ಟ ಆದೇಶ ಬೇಕು ಅಂದರೆ ಪೌಂಡು ಚಿಹ್ನೆಯಲ್ಲಿ ಹುಡುಕಬೇಕೇ?

ಇದಕ್ಕೆ ಮದ್ದಿದೆ. ನುಡಿ, ಬರಹದ ಹಳೇ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವಬಹುದು, ಹಾಗಾಗಿ ಒಮ್ಮೆ ಓದಿ ತಿದ್ದಬೇಕು. ಯಂತ್ರದಿಂದ ಆಗದ ಕೆಲಸ ಅದೊಂದೇ.

ಹಿರಿಯ ಬ್ಲಾಗಿಗರೇ, ನಿಮ್ಮ ಹತ್ತಿರ ಹಳೇ ಸಿಡಿಯಲ್ಲೋ ಯಾವುದೋ ಫೋಲ್ಡರಿನಲ್ಲೋ ಆ ಕಾಲದ ಬರಹಗಳು ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಪರಿವರ್ತಿಸಿ, ಬರೆದ ಇಸವಿ ಹಾಕಿ, ಕನ್ನಡದಲ್ಲೇ ಎರಡು ಸಾಲಿನ ವಿವರಣೆ ಕೊಟ್ಟು ಬ್ಲಾಗಿಗೆ ಏರಿಸಿ. ಪರಿವರ್ತನೆಗೆ ಸಹಾಯ ಬೇಕಿದ್ದರೆ ಕಾಮೆಂಟಿನಲ್ಲಿ ಒಂದು ಮಾತು ಹಾಕಿ. ಶನಿವಾರ, ಭಾನುವಾರ ನಾನು ಬಿಡುವಾಗಿರ್ತೀನಿ, ತಿದ್ದುವ ಕೆಲಸ ನಂಗಿರಲಿ.